ಕರು ಹುಟ್ಟಿದ ಹೊತ್ತು

ಅಯ್ಯಾವುವಿನ ಹೆರಾಲ್ಡ್ ಕಾರು ಹೊರಟಿತೆಂದರೆ ಮಂದೆಪಟ್ಟಿಯ ಕೋಳಿಗಳೆಲ್ಲ ಬೇಲಿ ಹಾರುತ್ತಿದ್ದವು. ತೊಟ್ಟಿಲ ಮಕ್ಕಳು ಬೆಚ್ಚಿ ಅಳುತ್ತಿದ್ದವು. ಟೀ ಅಂಗಡಿಯಲ್ಲಿ ಹರಟುತ್ತಿದ್ದವರು ಅದು ತಿರುವು ದಾಟಿ ಕಂಬಂ ರಸ್ತೆ ಹಿಡಿಯುವವರೆಗೆ ಲೋಟ ಕೈಯಲ್ಲಿಟ್ಟುಕೊಂಡು ಸುಮ್ಮನೆ ಕೂರುತ್ತಿದ್ದರು. ಸೈಲೆನ್ಸರ್ ತುಕ್ಕು ತಿಂದು ಜರಡಿಯಾಗಿತ್ತು. ಬದಲಾಯಿಸಪ್ಪಾ ಎಂದು ಹೇಳದವರಿಲ್ಲ. ಅವನು ಮಾತ್ರ ಎಮ್ಮೆಯ ಮೇಲೆ ಮಳೆ ಹೊಯ್ದಂತೆ ಇದ್ದುಬಿಟ್ಟಿದ್ದ. "ಒಂಟಿ ಮನ್ಸ, ಸದ್ದಾದ್ರೂ ಜೊತೇಲಿರ್ಲಿ ಅಂತ ಮಡೀಕಂಡವ್ನೆ" ಎಂದು ಹೆಂಗಸರು ನಗುತ್ತಿದ್ದರು. ನಗೆಯಾಡಿದ ಮಾತು ನಿಜವೇ ಆಗಿತ್ತು ಎಂದು ಆ ಹೆಂಗಸರಿಗೂ ಗೊತ್ತಿರಲಿಲ್ಲ, ಬಹುಶಃ ಅಯ್ಯಾವುವಿಗೂ ಗೊತ್ತಿರಲಿಲ್ಲ.

ಹೆಂಡತಿ ಪೊನ್ನಮ್ಮಾಳ್ ತೀರಿಹೋಗಿ ಬಹಳ ಕಾಲವಾಗಿತ್ತು. ಮಕ್ಕಳಾಗಿರಲಿಲ್ಲ. ಹರೆಯವನ್ನೆಲ್ಲ ಒಡ್ಡನ್‌ಛತ್ರಂ ಮಾರುಕಟ್ಟೆಯಿಂದ ಘಟ್ಟ ಹತ್ತಿ ಕೇರಳಕ್ಕೆ ಹೋಗುವ ತರಕಾರಿ ಲಾರಿಗಳಲ್ಲಿ ಕಳೆದಿದ್ದ. ರಾತ್ರಿ ಹೊತ್ತು ಕಣ್ಣು ಮಂಜಾಗತೊಡಗಿದ ಮೇಲೆ ಲಾರಿ ಬಿಟ್ಟು ಊರಿಗೆ ಬಂದ. ಆ ಕಾರು ಬೆಟ್ಟದ ಮೇಲಿನ ಏಲಕ್ಕಿ ತೋಟದ ಯಜಮಾನರದು. ಸಾಯುವ ಮುಂಚೆ ಇವನನ್ನು ಕರೆದು, ಇದನ್ನು ನೀನಲ್ಲದೆ ಇನ್ಯಾರೂ ನೋಡಿಕೊಳ್ಳುವುದಿಲ್ಲ ಎಂದು ಕೀಲಿ ಕೈಗಿಟ್ಟಿದ್ದರು. ಎರಡೇ ಬಾಗಿಲಿನ ಪುಟ್ಟ ಗಾಡಿ. ಬಾನೆಟ್ ಎತ್ತಿದರೆ ಮೂತಿಗೆ ಮೂತಿಯೇ ಮುಂದಕ್ಕೆ ಮಗುಚಿಕೊಳ್ಳುತ್ತಿತ್ತು. ಅಂಥದ್ದು ನಮ್ಮ ಕಣಿವೆಯಲ್ಲಿ ಇನ್ನೊಂದು ಇರಲಿಲ್ಲ.

ಬೆಳಗ್ಗೆ ಎದ್ದರೆ ಅವನಿಗೆ ಮಾತಾಡಲು ಜನವಿರಲಿಲ್ಲ. ಜನ ಸಿಕ್ಕರೂ ಮಾತು ಸಿಗುತ್ತಿರಲಿಲ್ಲ. ನಮ್ಮ ಮನೆಮಾತು ಕನ್ನಡ. ಯಾವ ಕಾಲದಲ್ಲೋ ದನ ಹೊಡೆದುಕೊಂಡು ಈ ತಮಿಳು ಸೀಮೆಗೆ ಬಂದ ಹಿರಿಯರು ದನದ ಜೊತೆಗೇ ತಂದದ್ದು. ಈಗಿನ ಹುಡುಗರಿಗೆ ಅದರಲ್ಲಿ ಏನು ಕೇಳಿದರೂ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ ಬರುತ್ತದೆ. ಅಮ್ಮ ಬೈಯುತ್ತಿದ್ದ ಬೈಗುಳ, ಅಪ್ಪ ಎತ್ತುಗಳಿಗೆ ಹೇಳುತ್ತಿದ್ದ ಮಾತು, ಎಳವೆಯಲ್ಲಿ ಹೊಲದ ಬದುವಿನ ಮೇಲೆ ಆಡಿದ ಆಟದ ಹೆಸರುಗಳು, ಇವನ್ನೆಲ್ಲ ಬಲ್ಲವನು ಅಯ್ಯಾವುವಿಗೆ ಲೋಕದಲ್ಲಿ ಒಬ್ಬನೇ ಉಳಿದಿದ್ದ. ಅವನು ಅಣ್ಣ ರಾಮರ್. ಮನೆ ದೂರವಿರಲಿಲ್ಲ. ನಡುವೆ ಎದೆಯೆತ್ತರದ ಒಂದು ಗೋಡೆ. ಆದರೆ ಆ ಅಣ್ಣನ ಹತ್ತಿರ ಅವನು ಮಾತಾಡುವ ಹಾಗಿರಲಿಲ್ಲ.

ಆ ಕಥೆ ಕೇಳಿದರೆ ಹೊರಗಿನವರು ನಗುತ್ತಾರೆ. ನಗಲಿ. ನಮ್ಮಲ್ಲಿ ದೇವರಿಗೆ ಒಂದು ದನದ ಮಂದೆಯಿದೆ. ಅದರ ಹಾಲು ಯಾರೂ ಕರೆಯುವುದಿಲ್ಲ, ಅದರ ಎತ್ತುಗಳನ್ನು ಯಾರೂ ನೊಗಕ್ಕೆ ಕಟ್ಟುವುದಿಲ್ಲ. ದನಗಳ ಹಬ್ಬವಾದ ಮಾಟ್ಟುಪೊಂಗಲ್ ದಿನ ಯಾರ ಕೊಟ್ಟಿಗೆಯಲ್ಲಿ ಕರು ಹುಟ್ಟಿದರೂ ಅದು ಆ ಮಂದೆಗೆ ಸೇರಿದ್ದು. ಅಣ್ಣತಮ್ಮ ಒಟ್ಟಿಗಿದ್ದಾಗ ಅವರ ಕೊಟ್ಟಿಗೆಯ ಕೆಂದ ಹಸು ಸರಿಯಾಗಿ ಅದೇ ಹಬ್ಬದ ದಿನ ಬೆಳಕು ಹರಿಯುವ ಹೊತ್ತಿಗೆ ಕರು ಹಾಕಿತು. ನಮ್ಮ ಲೆಕ್ಕದಲ್ಲಿ ದಿನ ಶುರುವಾಗುವುದು ಸೂರ್ಯ ಹುಟ್ಟಿದ ಮೇಲೆ. ಕರು ಬಿದ್ದಾಗ ಸೂರ್ಯ ಹುಟ್ಟಿದ್ದನೋ ಇಲ್ಲವೋ? ಹುಟ್ಟಿದ್ದ, ಕರು ದೇವರದು, ಎಂದ ಅಯ್ಯಾವು. ಹುಟ್ಟಿರಲಿಲ್ಲ, ಕರು ಮನೆಯದು, ಎಂದ ರಾಮರ್.

ನಮ್ಮದು ಕಣಿವೆ. ಮೂಡಲಿಗೂ ಬೆಟ್ಟ, ಪಡುವಲಿಗೂ ಬೆಟ್ಟ. ಬೆಳಗಿನ ಬಿಸಿಲು ಮೊದಲು ಪಡುವಣ ಬೆಟ್ಟದ ನೆತ್ತಿಗೆ ಬೀಳುತ್ತದೆ. ಸೂರ್ಯ ಮೂಡಣ ಬೆಟ್ಟದ ಮೇಲೆ ತಲೆಯೆತ್ತುವುದು ಆಮೇಲೆ, ಎಷ್ಟೋ ಹೊತ್ತಿಗೆ. ಕೊಟ್ಟಿಗೆಯ ಹಿಂಬಾಗಿಲಲ್ಲಿ ನಿಂತಿದ್ದ ಅಯ್ಯಾವು ಪಡುವಲನ್ನು ನೋಡಿದ್ದ. ಮುಂಬಾಗಿಲಲ್ಲಿದ್ದ ರಾಮರ್ ಮೂಡಲನ್ನು ನೋಡಿದ್ದ. ನನ್ನನ್ನು ಕೇಳಿದ್ದರೆ ಇಬ್ಬರೂ ಸರಿ ಅನ್ನುತ್ತಿದ್ದೆ. ಯಾರೂ ಕೇಳಲಿಲ್ಲ. ಇಬ್ಬರೂ ಹಟಕ್ಕೆ ಬಿದ್ದು, ಆ ಮಂದೆ ಕೂಡುವ ದೇವರ ದೊಡ್ಡಿಯ ಮುಂದಿನ ಕಲ್ಲಿನ ಮೇಲೆ ಕರ್ಪೂರ ಹಚ್ಚಿ, ಒಂದೇ ಉರಿಯ ಮೇಲೆ ಕೈಯಿಟ್ಟು, ಒಬ್ಬ ಹುಟ್ಟಿದ್ದ ಎಂದೂ ಇನ್ನೊಬ್ಬ ಹುಟ್ಟಿರಲಿಲ್ಲ ಎಂದೂ ಆಣೆಯಿಟ್ಟರು.

ಒಂದು ಉರಿಗೆ ಎರಡು ಬಾಯಿ ಆಗಬಾರದು. ಅದು ನಮ್ಮವರ ಕಟ್ಟು. ಹಿರಿಯರು ಕರುವನ್ನು ಮಂದೆಗೆ ಬಿಡಿಸಿದರು. ದೇವರ ಪಾಲಿಗೆ ತಪ್ಪುವುದಕ್ಕಿಂತ ಮನೆಯ ಪಾಲಿಗೆ ತಪ್ಪುವುದು ವಾಸಿ ಎಂದರು. ಅಣ್ಣತಮ್ಮಂದಿರಿಗೆ, ಇಬ್ಬರಲ್ಲಿ ಒಬ್ಬ ಅದೇ ಕಲ್ಲಿನ ಮುಂದೆ ನಿಂತು 'ನನ್ನ ಬಾಯಿ ತಪ್ಪಿತು' ಎನ್ನುವವರೆಗೆ ನಿಮಗೆ ಮಾತಿಲ್ಲ, ಮೀರಿ ಮಾತಾಡಿದರೆ ಮಂದೆಗೆ ರೋಗ ಬರುತ್ತದೆ ಎಂದರು. ತಪ್ಪಿತು ಎಂದವನಿಗೆ ಇನ್ನೊಬ್ಬ ಬಾಯ್ತುಂಬ ಕರೆದು, ಕೈಯಾರೆ ನೀರು ಕುಡಿಸಬೇಕು. ಆಗ ಆಣೆ ಇಳಿಯುತ್ತದೆ. ಅಷ್ಟೇ. ಒಂದು ಗುಟುಕು ನೀರಿನ ಕೆಲಸ. ಆ ಗುಟುಕು ನೀರಿಗೆ ಹತ್ತು ಹನ್ನೊಂದು ವರ್ಷ ಇಬ್ಬರೂ ಬಾಯಾರಿಕೊಂಡು ಕೂತರು. ಮೊಂಡುತನಕ್ಕೆ ನಮ್ಮ ಜಾತಿಯವರನ್ನು ಮೀರಿಸಿದವರನ್ನು ನಾನಂತೂ ಕಂಡಿಲ್ಲ.

ಒಂದು ದಿನ ರಾಮರನ ಹೆಂಡತಿ ಸರಸು ಗೋಡೆಯ ಹತ್ತಿರ ಬಂದು ನಿಂತಳು. ಆಣೆ ಇದ್ದದ್ದು ಅಣ್ಣತಮ್ಮಂದಿರಿಗೆ, ಅವಳಿಗಲ್ಲ. ಆದರೂ ಅವಳು ಮೈದುನನೊಡನೆ ಹೆಚ್ಚು ಮಾತಾಡುತ್ತಿರಲಿಲ್ಲ.

"ತಂಬಿ, ನಿಮ್ಮಣ್ಣುಂಗೆ ಗಂಟ್ಲಲ್ಲಿ ಗೆಡ್ಡೆ ಆಗೈತೆ. ಮದುರೈ ಆಸ್ಪತ್ರೀಲಿ ಹೇಳ್ಬುಟ್ರು. ಕಂಠಾನೇ ತೆಗೀಬೇಕಂತೆ."

ಅಯ್ಯಾವು ಕೈಯಲ್ಲಿದ್ದ ಪೊರಕೆ ಕೆಳಗಿಟ್ಟ.

"ಉಯಿರಿಗೆ ಮೋಸ ಇಲ್ಲ, ಜೀವ ಉಳೀತೈತೆ ಅಂದ್ರು. ಮಾತು ಮಾತ್ರ ಇರಲ್ಲ. ಈ ವಾರ್ದಾಗೆ ಬರ್ಬೇಕು ಅಂದವ್ರೆ. ನಿಮ್ ವಂಡೀಲೇ ಕರ್ಕಂಡೋಗ್ಬೇಕು ತಂಬಿ."

ಕಂಬಂನಲ್ಲಿ ಬಾಡಿಗೆ ಕಾರಿಗೇನು ಬರಗಾಲವಿರಲಿಲ್ಲ. ಅದು ಅವನಿಗೂ ಗೊತ್ತು, ಅವಳಿಗೂ ಗೊತ್ತು. 

"ಅತ್ತಿಗೆ, ಅದ್ರ ಪೊಗೆಯೆಲ್ಲಾ ಒಳಕ್ಕೇ ಬರ್ತೈತೆ. ಗಂಟ್ಲು ಕೆಟ್ಟೋರು ಅದ್ರಾಗೆ ಕೂರಕ್ಕಾಗಲ್ಲ."

"ಅದ್ನ ರಿಪೇರಿ ಮಾಡಿ. ನಿಮ್ಗೇನ್ ಬರಲ್ವಾ?" ಎಂದು ಹೇಳಿ ಅವಳು ಒಳಗೆ ಹೋದಳು. ಹೋಗುವಾಗ ಒಂದು ಮಾತು ಸೇರಿಸಿದಳು: "ಕಂಠ ತೆಗುದ್ಮೇಲೆ ಆಣೆ ಇಳ್ಸಕ್ಕೂ ಆಗಲ್ಲ. ಯೋಚ್ನೆ ಮಾಡ್ಕಳಿ."

ಯೋಚನೆ ಮಾಡಲು ಏನಿತ್ತು? ಆಣೆಯನ್ನು ಬಾಯಿಂದಲೇ ಇಳಿಸಬೇಕು. ತಪ್ಪಿತು ಎನ್ನುವುದಕ್ಕೂ ಬಾಯಿ ಬೇಕು, ಕರೆದು ನೀರು ಕುಡಿಸುವುದಕ್ಕೂ ಬಾಯಿ ಬೇಕು. ಮೂಗನಾದವನಿಗೆ ಎರಡೂ ಇಲ್ಲ. ಇಳಿಯದ ಆಣೆ ಸಾವಿನವರೆಗೆ ಇರುತ್ತದೆ, ಸಾವಿನಲ್ಲೂ ಇರುತ್ತದೆ. ಅಣ್ಣ ಸತ್ತರೆ ತಮ್ಮ ಆ ಮನೆಯ ಹೊಸ್ತಿಲು ತುಳಿಯುವಂತಿಲ್ಲ, ಹೆಣಕ್ಕೆ ಹೆಗಲು ಕೊಡುವಂತಿಲ್ಲ. ಗೋಡೆಯ ಈಚೆ ನಿಂತು ಅಳಬಹುದು. ಅಯ್ಯಾವು ಅವತ್ತು ಒಲೆ ಹಚ್ಚಲಿಲ್ಲ.

ಮರುದಿನ ಬಸ್ಸು ಹತ್ತಿ ದಿಂಡಿಗಲ್ಲಿಗೆ ಹೋದ. ಹೆರಾಲ್ಡಿನ ಸೈಲೆನ್ಸರ್ ಎಂದರೆ ಅಂಗಡಿಯವರು ಮುಖ ಮುಖ ನೋಡಿಕೊಂಡರು. ಒಬ್ಬ, ಆ ಕಾರು ಇನ್ನೂ ಭೂಮಿಯ ಮೇಲಿದೆಯಾ ಎಂದ. ಇನ್ನೊಬ್ಬ, ಬೇರೆ ಕಾರಿನದು ಹಾಕಿ ಬೆಸುಗೆ ಹೊಡಿ ಎಂದ. ಅಯ್ಯಾವುವಿಗೆ ಬೇರೆ ಕಾರಿನದು ಬೇಕಿರಲಿಲ್ಲ. ಕೊನೆಗೆ ಬಸ್ ಸ್ಟ್ಯಾಂಡಿನ ಹಿಂದೆ ಹಳೆಯ ಸಾಮಾನು ಮಾರುವ ಸೇಕರ್ ಎಂಬವನು ತನ್ನ ಅಪ್ಪನ ಕಾಲದ ಅಟ್ಟ ಹತ್ತಿ, ಗ್ರೀಸ್ ಕಾಗದದಲ್ಲಿ ಸುತ್ತಿದ್ದ ಒಂದನ್ನು ಇಳಿಸಿದ. ಹೊಸದು. ಒಮ್ಮೆಯೂ ಬೆಂಕಿ ಕಾಣದ್ದು. ಅದನ್ನು ಗೋಣಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಅಯ್ಯಾವು ವಾಪಸ್ಸು ಬಸ್ಸಿನಲ್ಲಿ ಕೂತ. ನಿಲಕ್ಕೋಟ್ಟೈ ಕಡೆಯಿಂದ ಮಲ್ಲಿಗೆ ಬುಟ್ಟಿ ಹೊತ್ತು ಬಂದ ಹೆಂಗಸೊಬ್ಬಳು ಪಕ್ಕದಲ್ಲಿ ಕೂತು, ಮಗು ನಿದ್ದೆಯಾ ಎಂದು ತಮಿಳಿನಲ್ಲಿ ಕೇಳಿದಳು. ಅವನು ಹೌದು ಎಂದ. ಸುಮ್ಮನೆ ತಮಾಷೆಗೆ ಅಂದದ್ದು, ಆದರೆ ದಾರಿಯುದ್ದಕ್ಕೂ ಅದನ್ನು ಅಲುಗಿಸದೆ ಹಿಡಿದುಕೊಂಡಿದ್ದ.

ಕಾರನ್ನು ಮನೆಯ ಮುಂದಿನ ಹುಣಸೆಮರದ ಕೆಳಗೆ ನಿಲ್ಲಿಸಿ, ಹಿಂಭಾಗವನ್ನು ಜಾಕ್ ಹಾಕಿ ಎತ್ತಿ, ಕೆಳಗೆ ಮರದ ದಿಮ್ಮಿಗಳನ್ನು ಕೊಟ್ಟ. ಹಳೆಯ ಸೈಲೆನ್ಸರ್ ಬಿಡಿಸುವುದೇ ಒಂದು ಯುದ್ಧವಾಯಿತು. ನಟ್ಟುಗಳು ತುಕ್ಕು ಹಿಡಿದು ಬೋಲ್ಟಿಗೆ ಅಂಟಿಕೊಂಡಿದ್ದವು. ಸೀಮೆಎಣ್ಣೆ ಬಿಟ್ಟ, ಸುತ್ತಿಗೆಯಿಂದ ಮೆಲ್ಲಗೆ ಬಡಿದ, ಬೈದ. ಯಾವುದಕ್ಕೂ ಬಗ್ಗದ ಒಂದನ್ನು ಗರಗಸದಿಂದ ಕೊಯ್ದ. ಹಳೆಯದು ಕೆಳಗೆ ಬಿದ್ದಾಗ ಒಳಗಿನಿಂದ ತುಕ್ಕಿನ ಪುಡಿ ಸುರಿಯಿತು.

ಹೊಸದನ್ನು ಕೂರಿಸಲು ಹೋದಾಗ ಅವನಿಗೆ ತಿಳಿದದ್ದು, ಇದು ಎರಡು ಕೈಯ ಕೆಲಸವಲ್ಲ, ನಾಲ್ಕು ಕೈಯದು. ಭಾರದ ಸೈಲೆನ್ಸರನ್ನು ಮೇಲಕ್ಕೆ ಎತ್ತಿ, ಮುಂದಿನ ಪೈಪಿಗೆ ಅದರ ಕೊರಳು ಸರಿಯಾಗಿ ಕೂರುವಂತೆ ಒಬ್ಬ ಹಿಡಿದಿರಬೇಕು. ಇನ್ನೊಬ್ಬ ಎರಡನ್ನೂ ಬಿಗಿಹಿಡಿಯುವ ಕ್ಲಾಂಪು ತೊಡಿಸಿ ನಟ್ಟು ಬಿಗಿಯಬೇಕು. ಅಯ್ಯಾವು ಮೊಣಕಾಲಿನಲ್ಲಿ ಎತ್ತಿ ಹಿಡಿದು ನೋಡಿದ. ಹಗ್ಗ ಕಟ್ಟಿ ನೋಡಿದ. ಇಟ್ಟಿಗೆ ಪೇರಿಸಿ ನೋಡಿದ. ಪ್ರತಿ ಸಲವೂ ಅದು ಕೊರಳು ಜಾರಿ ಎದೆಯ ಮೇಲೆ ಬಂದು ಕೂತಿತು. ಅವನು ನೆಲದ ಮೇಲೆ ಮಲಗಿ, ಎದೆಯ ಮೇಲೆ ಸೈಲೆನ್ಸರ್ ಇಟ್ಟುಕೊಂಡು, ಸ್ಪಾನರ್ ಪಕ್ಕಕ್ಕೆಸೆದ. ಬೀದಿಯಲ್ಲಿ ಯಾರನ್ನು ಕರೆದರೂ ಬರುತ್ತಿದ್ದರು. ಯಾರನ್ನು ಕರೆಯುವುದಕ್ಕೂ ಅವನಿಗೆ ಮನಸ್ಸಾಗಲಿಲ್ಲ. ಜೊತೆಗೊಂದು ಜೀವ ಇಲ್ಲದೆ ಬದುಕಿದ್ದು ಅವನಿಗೆ ಅಷ್ಟು ವರ್ಷ ಹೇಗೋ ಸಾಗಿತ್ತು. ಅವತ್ತು ಕಾರಿನ ಕೆಳಗೆ ಸಾಗಲಿಲ್ಲ. ಕಣ್ಣಿಗೆ ತುಕ್ಕು ಬಿತ್ತು ಅಂತ ಉಜ್ಜಿಕೊಂಡ.

ಆಗ ಆ ಕಡೆಯ ಚಕ್ರದ ಹತ್ತಿರ ಎರಡು ಪಾದ ಕಂಡವು. ಬಲಪಾದದ ಹೆಬ್ಬೆರಳ ಉಗುರು ಇರಲಿಲ್ಲ. ಅದು ಚಿಕ್ಕಂದಿನಲ್ಲಿ ಬಾವಿಯ ನೀರೆತ್ತುವ ಕಪಿಲೆಯ ಕಲ್ಲು ಬಿದ್ದು ಹೋದದ್ದು, ಬಿದ್ದಾಗ ಅಯ್ಯಾವು ಅಲ್ಲೇ ಇದ್ದ. ಪಾದಗಳ ಹಿಂದೆ ಸರಸುವಿನ ಸೀರೆಯಂಚು ಕಾಣಿಸಿ, ಹಾಗೆಯೇ ದೂರ ಹೋಯಿತು. ಒಂದು ಟವೆಲ್ಲು ನೆಲಕ್ಕೆ ಬಿತ್ತು. ಅದರ ಮೇಲೆ ರಾಮರ್ ಬೆನ್ನು ಕೊಟ್ಟು ಒಳಕ್ಕೆ ತೆವಳಿದ. ಕೊರಳಿಗೆ ಮಫ್ಲರ್ ಸುತ್ತಿಕೊಂಡಿದ್ದ. ತಮ್ಮನ ಎದೆಯ ಮೇಲಿದ್ದ ಸೈಲೆನ್ಸರನ್ನು ಎರಡೂ ಅಂಗೈಯಲ್ಲಿ ಎತ್ತಿ ಹಿಡಿದ.

ಅಷ್ಟು ವರ್ಷಗಳ ಮೇಲೆ ಇಬ್ಬರ ಮುಖಗಳು ಒಂದು ಗೇಣಿನ ಅಂತರಕ್ಕೆ ಬಂದವು. ರಾಮರನ ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ದವಡೆಯ ಕೆಳಗೆ ಊದಿಕೊಂಡಿತ್ತು. ಉಸಿರಾಡುವಾಗ ಎಲ್ಲೋ ಒಂದು ಕಡೆ ಗಾಳಿ ಸಿಕ್ಕಿಕೊಂಡು ಸೊಯ್ ಎನ್ನುತ್ತಿತ್ತು. ಅಯ್ಯಾವು ಕಣ್ಣು ತಿರುಗಿಸಿ ಕ್ಲಾಂಪು ಕೈಗೆತ್ತಿಕೊಂಡ. ಅವಸರಕ್ಕೆ ಅದನ್ನು ತಿರುಗುಮುರುಗಾಗಿ ತೊಡಿಸಿದ. ರಾಮರ್ ನೋಡಿದ, ತಾಳಿಕೊಂಡ. ಮತ್ತೆ ನೋಡಿದ. ಅವನು ಹುಟ್ಟಾ ತಾಳ್ಮೆಯಿಲ್ಲದವನು.

"ಏ ವಂಡಿ," ಎಂದ ರಾಮರ್ ಕಾರಿನ ಹೊಟ್ಟೆಯನ್ನು ನೋಡುತ್ತಾ. ದನಿ ಒಡೆದ ಮಡಕೆಯಂತಿತ್ತು. "ನಿನ್ ಡ್ರೈವರ್‌ಗೆ ಹೇಳು. ಕ್ಲಾಂಪು ತಲೆಕೆಳ್ಗಾಗೈತೆ."

ಅಯ್ಯಾವು ಲೆಕ್ಕ ಹಾಕಿದ. ಮಂದೆಗೆ ರೋಗ ಬರುವ ಮಾತೇ ಇದು? ಅಲ್ಲ. ಕಾರಿನೊಡನೆ ಮಾತಾಡಬಾರದೆಂದು ಯಾವ ಹಿರಿಯರೂ ಹೇಳಿರಲಿಲ್ಲ.

"ಏ ವಂಡಿ," ಎಂದ ಅವನೂ. "ಲಾರಿ ಓಡ್ಸಿದೋನ್ಗೆ ಕ್ಲಾಂಪು ಹೇಳ್ಕೊಡ್ಬೇಡ ಅಂತ ಹೇಳು."

"ಏ ವಂಡಿ, ಲಾರಿ ಓಡ್ಸಿದೋನಾದ್ರೆ ಸರ್ಯಾಗಿ ಹಾಕು ಅಂತ ಹೇಳು. ಕೈ ನೋಯ್ತೈತೆ."

"ಏ ವಂಡಿ, ಕೈ ನೋಯ್ತೈತೆ ಅಂದ್ರೆ ಕೊಂಚ ಕೆಳೀಕೆ ಇಳ್ಸಿ ಸುಧಾರಿಸ್ಕಳ್ಳಿ. ಯಾರೂ ಓಡೋಗಲ್ಲ."

ಅಂಗಳದಲ್ಲಿ ಸರಸು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ನಗುತ್ತಿದ್ದಳೋ ಅಳುತ್ತಿದ್ದಳೋ ಕಾರಿನ ಕೆಳಗಿದ್ದವರಿಗೆ ತಿಳಿಯಲಿಲ್ಲ. "ಸಾಮಿಗೇನು ಕಿವಿ ಇಲ್ವಾ? ವಂಡಿ ಎಸರೇಳ್ಕಂಡು ಮಾತಾಡ್ತಾವೆ, ಬೆಳ್ದಿರೋ ಕೋಣಗ್ಳು!" ಎಂದು ಮಾತ್ರ ಕೇಳಿಸಿತು.

ಸೈಲೆನ್ಸರಿನ ಕೊರಳು ಪೈಪಿಗಿಂತ ಒಂದಿಷ್ಟು ಸಡಿಲವಿತ್ತು. ಅಯ್ಯಾವು ಎಣ್ಣೆ ಡಬ್ಬದ ತಗಡು ಕತ್ತರಿಸಿ ಪೈಪಿಗೆ ಸುತ್ತಿ, ಅದರ ಮೇಲೆ ಸಂದು ಮುಚ್ಚುವ ಪೇಸ್ಟ್ ಮೆತ್ತಿದ. ರಾಮರ್ ಎತ್ತಿ ಒತ್ತಿ ಹಿಡಿದ. ಅಯ್ಯಾವು ಎರಡು ಬದಿಯ ನಟ್ಟುಗಳನ್ನೂ ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಬಂದ. ಹಿಂದುಗಡೆ ಹಳೆಯ ಲಾರಿ ಟೈರಿನಿಂದ ಕೊಯ್ದ ರಬ್ಬರ್ ಪಟ್ಟಿಯಲ್ಲಿ ತೂಗುಹಾಕಿದ. ಎಲ್ಲ ಮುಗಿದ ಮೇಲೂ ರಾಮರ್ ಹಿಡಿದ ಕೈ ಬಿಡಲಿಲ್ಲ. ಬಿಡಬಹುದು ಎಂದು ಕಾರಿಗೆ ಹೇಳಲು ಅಯ್ಯಾವುವಿಗೂ ಮನಸ್ಸು ಬರಲಿಲ್ಲ. ಅಲ್ಲೇ ಅಯ್ಯಾವು ನಿಶ್ಚಯ ಮಾಡಿದ. ನಾಳೆ ದೊಡ್ಡಿಯ ಮುಂದೆ ಕಾರು ನಿಲ್ಲಿಸುತ್ತೇನೆ, ನನ್ನ ಬಾಯಿ ತಪ್ಪಿತು ಎನ್ನುತ್ತೇನೆ, ಅವನ ಗಂಟಲು ಹೋಗುವ ಮುಂಚೆ ಅದರಿಂದ ಒಂದು ಸಲ 'ತಮ್ಮ' ಎಂದು ಕರೆಸಿಕೊಳ್ಳುತ್ತೇನೆ. ಸೂರ್ಯ ಹುಟ್ಟಿದ್ದರೇನು, ಬಿಟ್ಟಿದ್ದರೇನು.

ಎಂಜಿನ್ ಚಾಲೂ ಮಾಡಿದಾಗ ಹೊಸ ಸೈಲೆನ್ಸರಿಗೆ ಹಚ್ಚಿದ್ದ ಎಣ್ಣೆ ಸುಟ್ಟು ಒಂದಿಷ್ಟು ನೀಲಿ ಹೊಗೆ ಬಂತು. ಅಯ್ಯಾವು ಒದ್ದೆ ಬಟ್ಟೆಯಿಂದ ಹಿಂದಿನ ಪೈಪಿನ ಬಾಯಿ ಒತ್ತಿ ಹಿಡಿದು, ಎಲ್ಲಾದರೂ ಬುಸ್ ಎನ್ನುತ್ತದೆಯೇ ಎಂದು ಕಿವಿಗೊಟ್ಟ. ಎಲ್ಲೂ ಸೋರುತ್ತಿರಲಿಲ್ಲ. ಬಟ್ಟೆ ತೆಗೆದ ಮೇಲೆ ಕಾರು ಮೆಲ್ಲಗೆ ಗುರುಗುಟ್ಟುತ್ತ ನಿಂತಿತು. ಕೋಳಿಗಳು ಹಾರಲಿಲ್ಲ.

ಮರುದಿನ ಬೆಳಗ್ಗೆ ರಾಮರ್ ಮುಂದಿನ ಸೀಟಿನಲ್ಲಿ ಕೂತ, ಸರಸು ಹಿಂದೆ. ಕಾರೊಳಗೆ ಹೊಗೆಯ ವಾಸನೆಯಿರಲಿಲ್ಲ. ರಾಮರ್ ಒಂದು ಸಲವೂ ಕೆಮ್ಮಲಿಲ್ಲ. ಊರು ದಾಟಿದೊಡನೆ ರಸ್ತೆಬದಿಯಲ್ಲೇ ದೇವರ ದೊಡ್ಡಿ. ಅಯ್ಯಾವು ಬ್ರೇಕ್ ಹಾಕುವ ಮುಂಚೆಯೇ ರಾಮರ್ ಕೈಯೆತ್ತಿ ನಿಲ್ಲಿಸು ಎಂದು ಸನ್ನೆ ಮಾಡಿದ. ಇಬ್ಬರೂ ಒಟ್ಟಿಗೆ ಇಳಿದರು.

ದೊಡ್ಡಿಯ ಪೂಜಾರಿ ಚಿನ್ನತಂಬಿ ಹಲ್ಲಿಲ್ಲದ ಮುದುಕ. ಇಬ್ಬರನ್ನು ಒಟ್ಟಿಗೆ ಕಂಡವನೇ ಒಳಗಿನಿಂದ ಕರ್ಪೂರದ ಡಬ್ಬಿಯನ್ನೂ ಒಂದು ಚೊಂಬು ನೀರನ್ನೂ ತಂದ. ಕಲ್ಲಿನ ಮೇಲೆ ಒಂದು ಬಿಲ್ಲೆ ಇಟ್ಟು ಹಚ್ಚಿದ. "ಕರ್ಪೂರ ಉರಿಯೋಗಂಟ ನಿಮ್ ಬಾಯಿ ಬಿಡ್ಗಡೆ. ಆಡಿದ್ದೆಲ್ಲಾ ಸಾಮಿಗೆ ಸೇರ್ತೈತೆ. ಯಾರು ಹೇಳೋರು ಹೇಳಿ."

"ನನ್ನ ಬಾಯಿ ತಪ್ಪಿತು" ಎಂದರು. ಇಬ್ಬರೂ. ಒಂದೇ ಉಸಿರಿಗೆ.

ಚಿನ್ನತಂಬಿ ಹಣೆ ಚಚ್ಚಿಕೊಂಡ. "ಅಡ ಪಾವಿಗಳಾ! ಅವತ್ತೂ ಒಂದ್ ಉರಿಗೆ ಎಲ್ಡು ಬಾಯಿ, ಇವತ್ತೂ ಎಲ್ಡು ಬಾಯಾ? ಒಬ್ಬ ತಪ್ಪಿದ್ರೆ ಇನ್ನೊಬ್ಬ ಸರಿ ಇರ್ಬೇಕು. ಇಬ್ರೂ ತಪ್ಪಿದ್ರೆ ನೀರು ಕುಡ್ಸೋನ್ ಯಾರು? ಒಬ್ರಿಗೊಬ್ರು ತೀರ್ಮಾನ ಮಾಡ್ಕಳಿ." ಹೇಳುತ್ತಲೇ ಇನ್ನೊಂದು ಬಿಲ್ಲೆ ಉರಿಗೆ ಹಾಕಿದ.

ಅಯ್ಯಾವು ಅಣ್ಣನ ಕಡೆ ತಿರುಗಿದ. ಬಾಯಿ ಬಿಡಲು ಹೆದರಿಕೆಯಾಯಿತು. ಆಮೇಲೆ ಬಿಟ್ಟ.

"ಅಣ್ಣಾ, ನಾನೇ ಹೇಳ್ತೀನಿ. ಸೂರ್ಯ ಇನ್ನೂ ಉಟ್ಟಿರ್ಲಿಲ್ಲ. ಬೆಟ್ಟದ್ಮೇಲೆ ಬಂದಿರ್ಲಿಲ್ಲ."

"ಸುಳ್ಳು ಹೇಳ್ಬೇಡ ಲೇ. ಪಡುವಲ್ ಬೆಟ್ಟಕ್ಕೆ ಬಿಸ್ಲು ಬಿದ್ದಿತ್ತು. ಆಮೇಲೆ ಅತ್ಲಾಗೆ ಓಗಿ ನಾನೂ ಕಂಡೆ. ಕಂಡೂ ಸುಮ್ಕಿದ್ದೆ."

"ಬಿಸ್ಲು ಬಿದ್ರೆ ಸೂರ್ಯ ಉಟ್ದಂಗಾ? ಅವತ್ತು ನೀನೇ ಕೇಳ್ದಲ್ಲಣ್ಣ, ಕಣ್ಗೆ ಕಾಣ್ದೋನು ಎಂಗೆ ಉಟ್ದ ಅಂತ. ಸರ್ಯಾಗೇ ಕೇಳಿದ್ದೆ."

"ಮುಚ್ಚಲೇ ಬಾಯಿ. ನನ್ ಮಾತು ನಂಗೇ ತಿರುಗುಸ್ತೀಯಾ?"

"ನೀನ್ ಮುಚ್ಚಣ್ಣ. ಎಲ್ಲಾದ್ಕೂ ನೀನೇ ಮುಂದು, ಅಮ್ಮ ಹೇಳ್ತಿದ್ದಿದ್ ನೆಪ್ಪಿಲ್ವಾ?"

ಸರಸು ಕಾರಿನ ಬಾಗಿಲು ಹಿಡಿದು ನಿಂತಿದ್ದಳು. ದೊಡ್ಡಿಯೊಳಗಿನ ದನಗಳು ಮೇವು ಬಿಟ್ಟು ಈ ಕಡೆ ನೋಡುತ್ತಿದ್ದವು. ಇಬ್ಬರ ಕೊರಳ ನರಗಳೂ ಉಬ್ಬಿದ್ದವು. ಆದರೆ ಅಷ್ಟು ಸುಖದಿಂದ ಜಗಳವಾಡಿದವರನ್ನು ಆ ಕಲ್ಲು ಹಿಂದೆ ಎಂದೂ ಕಂಡಿರಲಿಕ್ಕಿಲ್ಲ. ಕೆಂದ ಹಸುವಿನಿಂದ ಹಿಡಿದು ಬಾವಿಯ ಹಗ್ಗ, ಅಪ್ಪನ ಕಂಬಳಿ, ಎಂದೋ ಕದ್ದು ತಿಂದ ಸೀಬೆಹಣ್ಣಿನವರೆಗೆ ಎಲ್ಲ ಬಂತು. ಚಿನ್ನತಂಬಿ ಉರಿ ತಗ್ಗಿದಾಗಲೆಲ್ಲ ಒಂದೊಂದು ಬಿಲ್ಲೆ ಹಾಕುತ್ತಲೇ ಇದ್ದ. ಬೇಗ ಮುಗಿಸಿ ಎಂದು ಅವನು ಹೇಳಲಿಲ್ಲ. ಇದನ್ನು ಕೇಳಿದಂದಿನಿಂದ ಆ ಮುದುಕನ ಮೇಲೆ ನನಗೆ ಗೌರವ.

ರಾಮರನ ದನಿ ಸೋಲುತ್ತ ಬಂತು. ಮೊದಲು ಮಾತಿನ ಕೊನೆ ಕೇಳಿಸದಾಯಿತು, ಆಮೇಲೆ ನಡುವೆ ನಡುವೆ ಬರೀ ಗಾಳಿ ಬಂತು. ಚಿನ್ನತಂಬಿ ಡಬ್ಬಿಯನ್ನು ಬೋರಲು ಮಾಡಿ ತಟ್ಟಿದ. ಕಡೆಯ ಬಿಲ್ಲೆ ಉರಿಯ ಮೇಲೆ ಬಿತ್ತು.

ರಾಮರ್ ತಮ್ಮನ ತೋಳು ಹಿಡಿದುಕೊಂಡ. ಅವನು ಹೇಳಿದ್ದನ್ನು ಕೇಳಲು ಅಯ್ಯಾವು ಬಗ್ಗಬೇಕಾಯಿತು.

"ತಮ್ಮ, ನಾಳಿಕ್ಕೆ ನಂಗೆ ಬಾಯಿಲ್ಲ. ಕಟ್ಟಕಡೇಕೆ ಆಡೋ ಮಾತು ಯಾವ್ದು ಅಂತ ಎಲ್ಲಾ ಯೋಚ್ನೆ ಮಾಡಿ ಮಡೀಕಂಡಿವ್ನಿ. ಅದ್ನ ಕಿತ್ಕಬೇಡ. ನಿನ್ಗೆ ಇನ್ನೂ ಮಾತಾಡಕ್ಕೆ ಬೇಕಾದಷ್ಟು ದಿನ ಐತೆ."

ಅಯ್ಯಾವು ತಲೆ ತಗ್ಗಿಸಿದ.

ರಾಮರ್ ಕಲ್ಲಿನ ಕಡೆ ತಿರುಗಿ, ಉರಿಯ ಮೇಲೆ ಕೈಯಿಟ್ಟು, ಇದ್ದಬದ್ದ ಉಸಿರನ್ನೆಲ್ಲ ಒಟ್ಟುಗೂಡಿಸಿ ಹೇಳಿದ. "ನನ್ನ ಬಾಯಿ ತಪ್ಪಿತು. ನನ್ನ ತಮ್ಮುಂದೇ ಸರಿ."

ಅಯ್ಯಾವು ಚೊಂಬು ಎತ್ತಿಕೊಂಡ. "ಕುಡಿ ಅಣ್ಣ" ಎಂದ. ಅಣ್ಣನ ಬೊಗಸೆಗೆ ನೀರು ಹುಯ್ದ. ರಾಮರನಿಗೆ ನುಂಗಲು ಕಷ್ಟವಿತ್ತು. ಅರ್ಧ ನೀರು ಗಡ್ಡದ ಮೇಲೆ ಇಳಿದು ಮಫ್ಲರ್ ನೆನೆಯಿತು. ಒಂದು ಗುಟುಕು ಒಳಗೆ ಹೋಯಿತು, ನೋವಿಗೆ ಕಣ್ಣು ಮುಚ್ಚಿಕೊಂಡ. ಅಷ್ಟರಲ್ಲಿ ಕರ್ಪೂರ ಆರಿತು.

ಆಂಡಿಪಟ್ಟಿ ಕಣಿವೆ ದಾಟಿ ಮದುರೈ ಸೇರುವವರೆಗೆ ರಾಮರ್ ಒಂದೂ ಮಾತಾಡಲಿಲ್ಲ. ಆಣೆ ಇಳಿದಿತ್ತು, ಮಾತಾಡಬಹುದಿತ್ತು. ಅಯ್ಯಾವು ಎಂಜಿನ್ ಸದ್ದು ಇನ್ನೂ ಕಮ್ಮಿಯಾಗಲಿ ಎಂದು ಕಾರನ್ನು ಮೆಲ್ಲಗೆ ಓಡಿಸಿದ, ಒಂದು ಪಿಸುಮಾತು ಬಂದರೂ ಕೇಳಿಸಲಿ ಎಂದು. ಬರಲಿಲ್ಲ. ಕಡೆಯ ಮಾತು ಆಡಿಯಾಯಿತು ಎಂದು ರಾಮರ್ ತೀರ್ಮಾನ ಮಾಡಿಬಿಟ್ಟಿದ್ದ. ಮೊಂಡ, ಕಡೆಯವರೆಗೂ ಮೊಂಡ.

ಆಪರೇಶನ್ ಚೆನ್ನಾಗಿಯೇ ಆಯಿತು. ಕೊರಳಲ್ಲಿ ಒಂದು ತೂತಿಟ್ಟು, ಅದರ ಮೇಲೆ ತೆಳ್ಳನೆ ಬಟ್ಟೆ ಕಟ್ಟಿ ಕಳಿಸಿದರು. ಅಯ್ಯಾವುವೇ ಹೋಗಿ ಕರೆತಂದ. ಕಾರು ಸದ್ದಿಲ್ಲದೆ ಬೀದಿಗೆ ಬಂದದ್ದರಿಂದ ಅದು ಮನೆಯ ಮುಂದೆ ನಿಂತ ಮೇಲೆಯೇ ಜನಕ್ಕೆ ತಿಳಿದದ್ದು.

ಊರಿನವರಿಗೆ ಈಗ ಒಂದು ವಿಷಯ ಇತ್ಯರ್ಥವಾಗಿತ್ತು. ಕರು ಹುಟ್ಟಿದಾಗ ಸೂರ್ಯ ಹುಟ್ಟಿದ್ದ. ಅಯ್ಯಾವುವಿನದೇ ಸರಿ, ರಾಮರ್ ಸುಳ್ಳಾಣೆ ಇಟ್ಟಿದ್ದ. ಟೀ ಅಂಗಡಿಯಲ್ಲಿ, "ಕಡೇಗೂ ನೀನೇ ಗೆದ್ದೆಯಲ್ಲಪ್ಪಾ" ಎಂದು ಯಾರೋ ಬೆನ್ನು ತಟ್ಟಿದರು. "ಏನ್ ಗೆದ್ದೆ? ಸುಳ್ಳು ಹೇಳಿದ್ದು ನಾನು" ಎಂದು ಅಯ್ಯಾವು ಲೋಟ ಕುಕ್ಕಿದ. ಅಣ್ಣನ ಮಾನ ಉಳಿಸಲು ಹಾಗೆನ್ನುತ್ತಾನೆ, ದೊಡ್ಡ ಮನಸ್ಸು ಎಂದು ಅವರು ಇನ್ನಷ್ಟು ಹೊಗಳಿದರು. ಅವನು ಆಮೇಲೆ ಆ ಅಂಗಡಿಗೆ ಹೋಗುವುದನ್ನೇ ಬಿಟ್ಟ.

ಸಂಜೆ ಹೊತ್ತು ಗೋಡೆ ಸುತ್ತಿಕೊಂಡು ಅಣ್ಣನ ಮನೆಯ ಜಗಲಿಗೆ ಹೋಗುತ್ತಿದ್ದ. ಆಡಬೇಕೆಂದಿದ್ದ ಮಾತು ಹೊರೆಗಟ್ಟಲೆ ಇತ್ತು. ಅಮ್ಮನ ಬೈಗುಳ, ಅಪ್ಪನ ಎತ್ತುಗಳು, ಬದುವಿನ ಆಟ, ಎಲ್ಲವನ್ನೂ ಹೇಳಿದ. ರಾಮರ್ ಕೇಳುತ್ತ ಹೌದು ಹೌದು ಎಂದು ತಲೆಯಾಡಿಸುತ್ತಿದ್ದ. ಅವನ ಮುಖ ಸಮಾಧಾನವಾಗಿತ್ತು. ಹಾಗೆ ಸಮಾಧಾನವಾಗಿದ್ದ ಅಣ್ಣನನ್ನು ಅಯ್ಯಾವು ಹಿಂದೆ ಕಂಡೇ ಇರಲಿಲ್ಲ, ಅವನಿಗೆ ಬೇಕಿದ್ದದ್ದು ಮೊದಲಿನ ಜಗಳಗಂಟ ಅಣ್ಣ.

ಒಂದು ಸಂಜೆ ಅವನು ಬೇಕೆಂದೇ ಹಳೆಯ ಮಾತು ತೆಗೆದ.

"ಅಣ್ಣಾ, ಅವತ್ತು ಸೂರ್ಯ ಉಟ್ಟಿದ್ದ ಅಲ್ವಾ?"

ರಾಮರ್ ಹೌದೆಂದು ತಲೆಯಾಡಿಸಿದ.

"ಇಲ್ಲ, ಉಟ್ಟಿರ್ಲಿಲ್ಲ. ನೀನೇ ಸರಿ."

ರಾಮರ್ ಅದಕ್ಕೂ ಹೌದೆಂದು ತಲೆಯಾಡಿಸಿದ.

ಅಯ್ಯಾವು ಅವನ ಎರಡೂ ಕೈ ಹಿಡಿದುಕೊಂಡ. "ಇಲ್ಲ ಅನ್ನಣ್ಣಾ. ಸುಳ್ಳಿಗಾದ್ರೂ ಒಂದ್ ಸಲ ಇಲ್ಲ ಅಂತ ತಲೆ ಆಡ್ಸು. ಏನಂತೀಯಾ?"

ರಾಮರ್ ಅವನನ್ನೇ ನೋಡಿದ, ನಕ್ಕ, ಹೌದೆಂದು ತಲೆಯಾಡಿಸಿದ.